ಸಮಾಜಸೇವೆಯ ವಿದ್ಯೆಯೂ ಕ್ಷೇತ್ರಕಾರ್ಯವೂ

ವೈದ್ಯವಿದ್ಯೆಯನ್ನು ಕಲಿಯುವವನು ರೋಗಿಯ ಹಾಸಿಗೆಯ ಬಳಿ ನಿಂತೇ ಕಲಿಯಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ದಡದ ಮೇಲೆ ಕುಳಿತು ಈಜು ಕಲಿತವರಿಲ್ಲ. ಆದರೆ ಜನಸೇವೆಯ ಮಾತು ಬಂದಾಗ ಮಾತ್ರ ನಮ್ಮವರಲ್ಲಿ ಎರಡು ಭಾವನೆಗಳು ಬೇರೂರಿವೆ. ಸೇವೆಗೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕು, ಅದರಲ್ಲಿ ಕಲಿಯತಕ್ಕದ್ದೇನಿದೆ ಎಂಬುದು ಒಂದು. ಸ್ನಾತಕೋತ್ತರ ಪದವಿಯೆಂದ ಮೇಲೆ ಗ್ರಂಥಗಳನ್ನೋದಿ ಪರೀಕ್ಷೆಯಲ್ಲಿ ತೇರ್ಗಡೆಯಾದರಾಯಿತು, ಬೀದಿ ಬೀದಿ ಅಲೆಯುವುದೇಕೆ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಅದು ನಮ್ಮ ಮುಂಬಯಿಯಲ್ಲಿಯೇ ಇದೆ.

1936ರಲ್ಲಿ ಈ ನಗರದ ನಾಗಪಾಡಾದಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆಯೊಂದು ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್‌ಷರ್ಟ್ ಅವರು ಅದಕ್ಕೂ ಮುಂಚಿನಿಂದ ಅಲ್ಲಿಯೇ ‘ನೇಬರ್‌ಹುಡ್ ಹೌಸ್’ ಎಂಬ ಸೇವಾಕೇಂದ್ರವನ್ನು ನಡೆಸುತ್ತಿದ್ದರು. ಎಂದರೆ, ಆ ವಿದ್ಯಾಲಯವು ಹುಟ್ಟಿದ್ದು ಉದ್ಯಾನದ ನೆರಳಿನಲ್ಲಲ್ಲ, ದುಡಿಯುವ ಜನರು ಕಿಕ್ಕಿರಿದ ಓಣಿಗಳ ನಡುವೆ. 1944ರಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಎಂಬ ಹೆಸರನ್ನು ಪಡೆಯಿತು. 1954ರಲ್ಲಿ ದೇವನಾರಕ್ಕೆ ಬಂದಿತು. 1964ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮನ್ನಣೆಯನ್ನು ಗಳಿಸಿತು. ಹೆಸರೂ ನೆಲೆಯೂ ಬದಲಾದರೂ ಕ್ಷೇತ್ರಕಾರ್ಯವು ಮಾತ್ರ ಸಮಾಜಕಾರ್ಯದ ಶಿಕ್ಷಣದ ಬೆನ್ನೆಲುಬಾಗಿಯೇ ಉಳಿದಿದೆ.

ಈ ಕ್ಷೇತ್ರಕಾರ್ಯದ ಕ್ರಮವನ್ನು ತಿಳಿಯುವುದು ಒಳ್ಳೆಯದು. ವಿದ್ಯಾರ್ಥಿಯು ವಾರದ ಕೆಲವು ದಿನ ತರಗತಿಯನ್ನು ಬಿಟ್ಟು ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ನ್ಯಾಯಾಲಯ ಮೊದಲಾದೆಡೆಗಳಲ್ಲಿ ದುಡಿಯುತ್ತಾನೆ. ಅಲ್ಲಿ ಕಂಡದ್ದನ್ನೂ ಮಾಡಿದ್ದನ್ನೂ ದಿನಚರಿಯಾಗಿ ಬರೆಯುತ್ತಾನೆ. ಅದನ್ನು ಅಧ್ಯಾಪಕರು ಓದಿ, ‘ಇಲ್ಲಿ ಹೀಗೇಕೆ ಮಾಡಿದೆ? ಬೇರೆ ದಾರಿ ಇರಲಿಲ್ಲವೆ?’ ಎಂದು ಪ್ರಶ್ನಿಸುತ್ತಾರೆ. ಈ ಬರವಣಿಗೆಯೂ ಈ ಪ್ರಶ್ನೆಯೂ ಇಲ್ಲದಿದ್ದರೆ ಇಂಟರ್ನ್‌ಶಿಪ್ ಎಂಬುದು ಬರಿಯ ಓಡಾಟವಾಗುತ್ತದೆ, ಕೊನೆಗೊಂದು ಪ್ರಮಾಣಪತ್ರವಾಗುತ್ತದೆ. ಅನುಭವವು ತಾನಾಗಿಯೇ ವಿದ್ಯೆಯಾಗುವುದಿಲ್ಲ; ವಿಚಾರಕ್ಕೆ ಒಳಪಟ್ಟ ಅನುಭವವೇ ವಿದ್ಯೆ.

ಹೀಗೆ ಕಲಿತವನು ಪುಸ್ತಕದಲ್ಲಿ ಸಿಗದುದೇನನ್ನು ಕಲಿಯುತ್ತಾನೆ? ಕ್ಷಯರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಔಷಧ ಸೇವಿಸಬೇಕು. ಕೂಲಿಕಾರನೊಬ್ಬ ಎರಡು ತಿಂಗಳಿಗೇ ನಿಲ್ಲಿಸಿಬಿಟ್ಟರೆ ಅವನನ್ನು ಅಜ್ಞಾನಿಯೆಂದು ಜರೆಯುವುದು ಸುಲಭ. ಅವನ ಮನೆಗೆ ಹೋದವನಿಗೆ ಮಾತ್ರ ಆಸ್ಪತ್ರೆಯ ಸಾಲಿನಲ್ಲಿ ನಿಂತ ದಿನದ ಕೂಲಿ ಹೋಗುತ್ತದೆಂಬುದು ಗೊತ್ತಾಗುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಶಾಲೆಯ ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಆ ಕಾಯಿದೆಯನ್ನು ಕಂಠಪಾಠ ಮಾಡಿದವನಿಗಿಂತ, ಅಂತಹ ಮಗುವೊಂದರ ಕೈಹಿಡಿದು ಶಾಲೆಯ ಕಛೇರಿಯ ಮುಂದೆ ನಿಂತವನು ಅದನ್ನು ಚೆನ್ನಾಗಿ ಬಲ್ಲನು. ಕಲ್ಲು ಗಾರೆಗಳಲ್ಲಿ ದುಡಿದು ಸವೆದ ಬೆರಳಿನ ಗುರುತನ್ನು ಪಡಿತರದ ಯಂತ್ರವು ಹಿಡಿಯದೆ ಹೋಗುವುದುಂಟೆಂಬುದು ಅಂಗಡಿಯ ಮುಂದೆ ನಿಂತವನಿಗೇ ತಿಳಿಯುವ ಸಂಗತಿ.

ಈ ಕಲಿಕೆಯ ಫಲವು ವಿದ್ಯಾರ್ಥಿಯೊಬ್ಬನದೇ ಅಲ್ಲ. 1946ರಲ್ಲಿ ಇಲ್ಲಿನ ಜೆ. ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. 1984ರಲ್ಲಿ, ಮನೆಯಲ್ಲಿ ಹಿಂಸೆಗೊಳಗಾದ ಸ್ತ್ರೀಯರ ನೆರವಿಗಾಗಿ ಪೊಲೀಸ್ ವ್ಯವಸ್ಥೆಯೊಳಗೇ ವಿಶೇಷ ಘಟಕವೊಂದನ್ನು ಇದೇ ಸಂಸ್ಥೆ ತೆರೆಯಿತು. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ದೂರವಾಣಿಯ ಸೇವೆಯು 1996ರಲ್ಲಿ ಇಲ್ಲಿಂದಲೇ ಪ್ರಯೋಗರೂಪದಲ್ಲಿ ಹೊರಟು ದೇಶವನ್ನೆಲ್ಲ ವ್ಯಾಪಿಸಿತು. ಬೀದಿಯಲ್ಲಿ ನಿಂತು ನೋಡದಿದ್ದರೆ ಇವುಗಳ ಅಗತ್ಯವೇ ಹೊಳೆಯುತ್ತಿರಲಿಲ್ಲ. ಸರ್ಕಾರವೂ ಈ ತತ್ತ್ವವನ್ನು ಒಪ್ಪಿದೆ. ಐ. ಎ. ಎಸ್. ಅಧಿಕಾರಿಗಳು ಮಸ್ಸೂರಿಯ ಪಾಠಗಳಷ್ಟರಿಂದಲೇ ಸಿದ್ಧರಾಗುವುದಿಲ್ಲ. ಸುಮಾರು ಒಂದು ವರ್ಷವನ್ನು ಜಿಲ್ಲೆಯೊಂದರಲ್ಲಿ ಕಲಿಯುತ್ತ ಕಳೆಯುತ್ತಾರೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಕ್ಷೇತ್ರಕಾರ್ಯದಿಂದ ಓದಿಗೆ ಹೊತ್ತು ಸಾಲದೆಂದು ಕೆಲವರು ಹೇಳುತ್ತಾರೆ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯು ಎರಡನ್ನೂ ಕೇಳುತ್ತದೆ. ಒಂದನ್ನು ಬಿಟ್ಟು ಒಂದನ್ನಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ವಿದ್ಯಾರ್ಥಿಯು ಕೆಲವು ತಿಂಗಳು ಬಂದು, ಬಡವರ ಕಷ್ಟಗಳನ್ನು ಬರೆದುಕೊಂಡು, ಅಂಕಗಳನ್ನು ಪಡೆದು ಹೊರಟುಹೋಗುತ್ತಾನೆ. ಬಡವರು ಇದ್ದಲ್ಲಿಯೇ ಇರುತ್ತಾರೆ. ಬಡವನ ಬದುಕು ಮತ್ತೊಬ್ಬನ ಅಭ್ಯಾಸದ ಪಾಟಿಯಾಗಬಹುದೆ? ಕೂಡದು. ಆದುದರಿಂದ, ಮುಗಿಸಲಾಗದ ಕೆಲಸವನ್ನು ಆರಂಭಿಸಬಾರದು; ಆರಂಭಿಸಿದ್ದನ್ನು ಮುಂದೆ ಬರುವವನಿಗೆ ಸರಿಯಾಗಿ ಒಪ್ಪಿಸಬೇಕು; ಈಡೇರಿಸಲಾಗದ ಭರವಸೆಯನ್ನು ಕೊಡಬಾರದು. ಇವನ್ನು ಕಲಿಯದವನು ಉಳಿದುದನ್ನೆಲ್ಲ ಕಲಿತರೂ ವ್ಯರ್ಥ. ಮೂರನೆಯದು ವೆಚ್ಚದ ಮಾತು. ಸಂಬಳವಿಲ್ಲದ ದುಡಿಮೆಗೆ ಕೈಯಿಂದ ರೈಲು ಬಸ್ಸುಗಳ ಖರ್ಚು ಹಾಕಿಕೊಳ್ಳುವುದು ಬಡ ಮನೆಯ ವಿದ್ಯಾರ್ಥಿಗೆ ಹೊರೆಯೇ ಸರಿ. ಅವನಿಗೆ ವಿದ್ಯಾರ್ಥಿವೇತನ ದೊರೆಯತಕ್ಕದ್ದು. ಇಲ್ಲದಿದ್ದರೆ ಬಡವರ ಸೇವೆಯನ್ನು ಕಲಿಯುವ ಅವಕಾಶವು ಉಳ್ಳವರ ಪಾಲೇ ಆದೀತು.

ವಿದ್ಯಾರ್ಥಿ ಬಂಧುಗಳೇ, ಇದೆಲ್ಲ ಪದವಿಯ ಆಚೆಗಿನ ಮಾತು, ನಮಗೇಕೆ ಎನ್ನಬೇಡಿರಿ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಂತಹ ದೊಡ್ಡ ವಿದ್ಯಾಲಯಗಳಲ್ಲಿ ಇಂಗ್ಲಿಷಿನ ಅಳುಕು ಕಾಡುವುದುಂಟು. ಆದರೆ ಕ್ಷೇತ್ರಕ್ಕೆ ಇಳಿದಾಗ ತಕ್ಕಡಿಯು ಬೇರೆಡೆಗೆ ವಾಲುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಈ ನಗರಕ್ಕೆ ಬಂದು ಕಟ್ಟಡಗಳಲ್ಲಿ ಕಲ್ಲು ಹೊರುವ ತಾಯಿಯೊಬ್ಬಳು ತನ್ನ ಮಗುವಿನ ಜ್ವರವನ್ನು ಕನ್ನಡದಲ್ಲಿ ಹೇಳಿಕೊಂಡಾಗ, ಅದನ್ನು ಕೇಳಿ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ವೈದ್ಯರಿಗೆ ತಿಳಿಸಬಲ್ಲವರು ಯಾರು? ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿಯಾಗಿ ಬೆಳೆದ ನೀವೇ. ಯಾವ ಪಠ್ಯಪುಸ್ತಕವೂ ಕೊಡಲಾರದ ಬಂಡವಾಳವು ನಿಮ್ಮಲ್ಲಿ ಈಗಾಗಲೇ ಇದೆ.

ನಮ್ಮ ಹಿರಿಯರಲ್ಲಿಯೂ ಒಂದು ವಿನಂತಿ. ಮಗನೋ ಮಗಳೋ ಈ ವಿದ್ಯೆಯನ್ನು ಅರಸಿ ಹೊರಟಾಗ, ‘ಇದೂ ಒಂದು ಓದೆ?’ ಎಂದು ತಡೆಯದಿರಿ. ಪುಸ್ತಕದ ಬದನೆಕಾಯಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ನಗರವು ನಮ್ಮವರಿಗೆ ಅನ್ನವಿತ್ತಿದೆ, ವಿದ್ಯೆಯಿತ್ತಿದೆ. ಅದರ ಓಣಿಗಳನ್ನು ಅರಿತು ಅಲ್ಲಿ ದುಡಿಯಬಲ್ಲ ಕೆಲವರನ್ನಾದರೂ ನಾವು ಅದಕ್ಕೆ ಮರಳಿ ಕೊಡುವುದು ನ್ಯಾಯವಾಗಿದೆ.