ಕರಗಬೇಕು, ಆದರೆ ಒಡೆಯಬಾರದು



ಈ ಸಲದ ಅಂಕಣ ನಿಮ್ಮಲ್ಲಿ ಕೆಮಿಸ್ಟ್ರಿ ಓದುತ್ತಿರುವವರಿಗೆ. ಉಳಿದವರೂ ಧೈರ್ಯವಾಗಿ ಓದಿ. ವಿಷಯವೇನಿದ್ದರೂ ಅಂಗಡಿಯ ತಕ್ಕಡಿಯದೇ.

ರಂಜಕ, ಅಂದರೆ ಫಾಸ್ಫರಸ್, ನಿಮ್ಮ ಊರುಗಳಿಗೆ ಹೊಸದಲ್ಲ. ವಿಶಾಖಪಟ್ಟಣದಲ್ಲಿ ಕೋರಮಂಡಲ್ ಗೊಬ್ಬರದ ಕಾರ್ಖಾನೆ 1960ರ ದಶಕದಿಂದ ಇದೆ. ನಮ್ಮ ಆಲಮಟ್ಟಿಯನ್ನು ದಾಟಿ ಬಂದ ಕೃಷ್ಣೆ ವಿಜಯವಾಡದ ಪ್ರಕಾಶಂ ಬ್ಯಾರೇಜಿನಿಂದ ಕಾಲುವೆಗಿಳಿದು ಭತ್ತದ ಗದ್ದೆ ತಣಿಸುತ್ತಾಳೆ. ಆ ಗದ್ದೆಗೆ ಹಾಕಿದ ರಂಜಕವನ್ನೆಲ್ಲ ಪೈರು ಹೀರುವುದಿಲ್ಲ. ಉಳಿದದ್ದು ಮಣ್ಣಿನಲ್ಲಿ ನಾನಾ ರೂಪ ತಾಳಿ ಕೂರುತ್ತದೆ. ಯಾವ ರೂಪ ಎಷ್ಟಿದೆ ಎಂಬ ಲೆಕ್ಕ ತಪ್ಪಿದರೆ, ಅದನ್ನು ನಂಬಿ ಗೊಬ್ಬರ ಕೊಳ್ಳುವ ರೈತನ ಜೇಬಿಗೆ ಪೆಟ್ಟು.

ಈ ರೂಪಗಳನ್ನು ಬಿಡಿಸಿ ತೋರಿಸುವುದು ರಂಜಕ-31 ಎನ್.ಎಂ.ಆರ್. ಮಣ್ಣನ್ನು 0.25 ಮೋಲಾರ್ ಕಾಸ್ಟಿಕ್ ಸೋಡಾ, 0.05 ಮೋಲಾರ್ ಇ.ಡಿ.ಟಿ.ಎ. ಇರುವ ದ್ರಾವಣದಲ್ಲಿ ಕಲಕಿ ಸೋಸುವುದು ರೂಢಿ. ಬಂದ ಶಿಖರಗಳ ವಿಸ್ತೀರ್ಣ ಒಂದಕ್ಕೊಂದು ಎಷ್ಟು ಪಾಲು ಎಂದು ಹೇಳುತ್ತದೆ, ಅಷ್ಟೆ. ಮಿಲಿಗ್ರಾಂ ಬೇಕಿದ್ದರೆ ಪ್ರಮಾಣ ಗೊತ್ತಿರುವ ಇನ್ನೊಂದು ರಂಜಕದ ವಸ್ತುವನ್ನು ಜೊತೆಗಿಡಬೇಕು. ಅದೇ ನಮ್ಮ ತೂಕದ ಕಲ್ಲು.

ಶೇಕಡಾ 85ರ ಫಾಸ್ಫಾರಿಕ್ ಆಮ್ಲ ಇದೆಯಲ್ಲ ಎನ್ನುತ್ತೀರಿ. ಅದು ಮೈಲಿಗಲ್ಲು, ತೂಕದ ಕಲ್ಲಲ್ಲ. ಸೊನ್ನೆ ಪಿ.ಪಿ.ಎಂ. ಎಲ್ಲಿದೆ ಎಂದು ತೋರಿಸಲು ಅದನ್ನು ಬೇರೆ ಕೊಳವೆಯಲ್ಲಿ ಮುಚ್ಚಿಡುತ್ತಾರೆ. ಕ್ಷಾರಕ್ಕೇ ಸುರಿದರೆ ಅದು ಫಾಸ್ಫೇಟಾಗಿ 6ರ ಆಸುಪಾಸಿಗೆ ಸರಿದು, ಮಣ್ಣಿನದೇ ಫಾಸ್ಫೇಟಿನೊಳಗೆ ಸೇರಿಹೋಗುತ್ತದೆ. ಆಮೇಲೆ ನಿಮ್ಮದು ಯಾವುದು, ಹೊಲದ್ದು ಯಾವುದು?

ಟ್ರೈಮಿಥೈಲ್ ಫಾಸ್ಫೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆದರೆ ಅದು ಎಸ್ಟರ್. ಹೈಡ್ರಾಕ್ಸೈಡ್ ರಂಜಕದ ಮೇಲೆರಗಿ ಒಂದು ಮಿಥಾಕ್ಸಿಯನ್ನು ಕಿತ್ತುಹಾಕುತ್ತದೆ. ಉಳಿಯುವ ಡೈಮಿಥೈಲ್ ಫಾಸ್ಫೇಟಿಗೆ ಋಣ ವಿದ್ಯುದಂಶವಿರುವುದರಿಂದ ಅದರ ಹತ್ತಿರ ಹೈಡ್ರಾಕ್ಸೈಡ್ ಸುಲಭವಾಗಿ ಸುಳಿಯದು; ಆದರೆ ನೀವು ತೂಗಿ ಹಾಕಿದ ಶಿಖರ ಅಷ್ಟರಲ್ಲಿ ಕುಗ್ಗಿರುತ್ತದೆ. ಶೇಕಡಾ 10 ಕುಗ್ಗಿದರೆ ಮಣ್ಣಿನ ರಂಜಕವೆಲ್ಲ ಶೇಕಡಾ 11 ಹೆಚ್ಚಾಗಿ ಕಾಣುತ್ತದೆ. ತೂಕದ ಕಲ್ಲು ಸವೆದರೆ ಸರಕು ಭಾರವೆನಿಸುವುದು ಹೀಗೆ. ಟ್ರೈಫಿನೈಲ್ ಫಾಸ್ಫೀನ್ ಆಕ್ಸೈಡ್ ಗಟ್ಟಿ ವಸ್ತು, ಆದರೆ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು.

ನನ್ನ ಮತ ಫಾಸ್ಫಾನಿಕ್ ಆಮ್ಲಗಳಿಗೆ. ಇವುಗಳಲ್ಲಿ ರಂಜಕ ನೇರವಾಗಿ ಇಂಗಾಲಕ್ಕೆ ಅಂಟಿಕೊಂಡಿದೆ. ಮಾಮೂಲು ಉಷ್ಣತೆಯಲ್ಲಿ ಕ್ಷಾರ ಆ ಬಂಧವನ್ನು ಮುರಿಯುವುದಿಲ್ಲ. ಮಣ್ಣಿನ ಕೆಲಸದವರು ಬಹಳವಾಗಿ ಬಳಸುವುದು ಮಿಥಿಲೀನ್ ಡೈಫಾಸ್ಫಾನಿಕ್ ಆಮ್ಲ. ಅದರ ಶಿಖರ 17ರ ಹತ್ತಿರ, ಫಾಸ್ಫೇಟಿನಿಂದ ದೂರ. ಹೆಸರಿನಲ್ಲಿರುವ 'ಡೈ' ಮರೆಯಬೇಡಿ: ಒಂದು ಅಣುವಿನಲ್ಲಿ ಎರಡು ರಂಜಕ. ಒಂದೆಂದು ಎಣಿಸಿದರೆ ಮಣ್ಣಿನ ಲೆಕ್ಕವೆಲ್ಲ ಅರ್ಧಕ್ಕಿಳಿಯುತ್ತದೆ. ಮಣ್ಣಿನಲ್ಲೂ ಸಹಜವಾದ ಫಾಸ್ಫೊನೇಟುಗಳಿರಬಹುದು. ಆದ್ದರಿಂದ ಮೊದಲು ಕಲ್ಲು ಹಾಕದೆ ಒಂದು ಸಲ ನೋಡಿ.

ಇನ್ನು ತಾಳ್ಮೆಯ ಮಾತು. ಪ್ರತಿ ಸ್ಪಂದನದ ನಂತರ ನ್ಯೂಕ್ಲಿಯಸ್ಸುಗಳು ಚೇತರಿಸಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ 1951ರಷ್ಟು ಹಿಂದೆಯೇ ಹರಿಯುವ ದ್ರವದ ಅನುರಣನವನ್ನು ಅಭ್ಯಸಿಸಿದ್ದರು. ಹರಿವಿನಲ್ಲಿ ದಣಿದವುಗಳ ಜಾಗಕ್ಕೆ ಹೊಸವು ಬರುತ್ತವೆ. ನಿಮ್ಮ ಕೊಳವೆಯಲ್ಲಿ ಹರಿವಿಲ್ಲ, ಕಾಯಲೇಬೇಕು. ಚೇತರಿಕೆಯ ಕಾಲ, ಅಂದರೆ ಟಿ1, ಎಲ್ಲಕ್ಕಿಂತ ನಿಧಾನವಾದ ಶಿಖರದ್ದು ಎಷ್ಟೋ ಅದರ ಐದು ಪಟ್ಟು. ಮಣ್ಣಿನ ರಸದಲ್ಲಿ ಕಬ್ಬಿಣವಿದ್ದರೆ ಚೇತರಿಕೆ ಬೇಗ. ಅಲ್ಲಿ ಅಳೆದ ಕಾಲವನ್ನು ಶುದ್ಧ ದ್ರಾವಣಕ್ಕೆ ಹಚ್ಚಬೇಡಿ.

ಕೆಲಸಕ್ಕೆ ಕೈ ಹಾಕುವ ಮುನ್ನ ಕ್ಷಾರಕ್ಕೆ ನಿಮ್ಮ ಕಲ್ಲನ್ನೂ, ಒಣಗಿಸಿ ತೂಗಿದ ಪೊಟ್ಯಾಸಿಯಂ ಡೈಹೈಡ್ರೊಜನ್ ಫಾಸ್ಫೇಟನ್ನೂ ಹಾಕಿ. ಕ್ಷಾರ ಗಾಜನ್ನೂ ತಿನ್ನುವುದರಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟು, ಅದೇ ದಿನ ಒಮ್ಮೆ, ನಿಮ್ಮ ಮಾದರಿ ಯಂತ್ರದಲ್ಲಿ ಕೂರುವಷ್ಟು ಹೊತ್ತು ಕಳೆದ ಮೇಲೆ ಇನ್ನೊಮ್ಮೆ ಅಳೆಯಿರಿ. ಎರಡು ಸಲವೂ ಅನುಪಾತ ಒಂದೇ ಬಂದರೆ ಮಣ್ಣು ತನ್ನಿ.