ಗದೆಗೊಂದು ಗುಡುಗು, ಓಬವ್ವನಿಗೊಂದು ಕಹಳೆ

ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಅಂತ ಸೂಚನೆ ಬಂದರೆ ಸಾಕು, ಮಕ್ಕಳಿಗಿಂತ ತಾಯಂದಿರಿಗೇ ಗಡಿಬಿಡಿ. ಕಿರೀಟಕ್ಕೆ ಬೇಗಡೆ, ಹನುಮಂತನ ಬಾಲಕ್ಕೆ ಹಳೇ ಹತ್ತಿ, ಒನಕೆಗೆ ರಟ್ಟಿನ ಕೊಳವೆ, ಇವೆಲ್ಲ ನಮಗೆ ಗೊತ್ತಿದ್ದದ್ದೇ. ಈ ಸಲ, ಗುಂಡಿ ಒತ್ತಿದರೆ ವೇಷವೇ ಸದ್ದು ಮಾಡುವ ಹಾಗೆ ಹೇಗೆ ಮಾಡಬಹುದು ನೋಡೋಣ ಬನ್ನಿ.

ಕಂಪನಿ ನಾಟಕಗಳಲ್ಲಿ ಗುಡುಗು ಬೇಕಾದರೆ ಪರದೆಯ ಮರೆಯಲ್ಲಿ ಒಬ್ಬಾತ ತಗಡಿನ ಹಾಳೆ ಅಲ್ಲಾಡಿಸುತ್ತಿದ್ದ. ಕುದುರೆ ಓಟಕ್ಕೆ ತೆಂಗಿನ ಕರಟ ಕುಟ್ಟುತ್ತಿದ್ದ. ಅವನ ಕಣ್ಣೆಲ್ಲ ನಟನ ಮೇಲೇ. ನಮ್ಮ ಮಕ್ಕಳಿಗೆ ಅಂಥ ಸಹಾಯಕ ಎಲ್ಲಿಂದ ಬರಬೇಕು? ಕೆಳಗೆ ಕೂತ ತಾಯಿ ಮೊಬೈಲಿನಲ್ಲಿ ಸದ್ದು ಹಾಕಿದರೆ, ಭೀಮ ಗದೆ ಇಳಿಸಿದ ಮೇಲೆ ಗುಡುಗು ಬಂದು ಸಭೆಯೆಲ್ಲ ನಗುತ್ತದೆ. ಗುಂಡಿ ಮಗುವಿನ ಕೈಯಲ್ಲೇ ಇದ್ದರೆ ಆ ಪೇಚಾಟ ಇಲ್ಲ.

ಯಾವ ಸದ್ದು ಬೇಕು?

ಸಾಮಾನು ತರುವ ಮೊದಲು ಕಥೆಯನ್ನು ಒಮ್ಮೆ ನೆನೆಯಿರಿ. ಒನಕೆ ಓಬವ್ವ ಅಂದ ಕೂಡಲೇ ಒನಕೆಗೆ 'ಧಡ್' ಅನ್ನುವ ಸದ್ದು ಜೋಡಿಸೋಣ ಅನ್ನಿಸುತ್ತದೆ. ಆದರೆ ಚಿತ್ರದುರ್ಗದ ಕಥೆಯಲ್ಲಿ ಆಕೆ ಕಿಂಡಿಯಿಂದ ನುಸುಳಿದ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರಾಗಿ ಹೊಡೆದು, ಹಿಂದಿನವನಿಗೆ ತಿಳಿಯದ ಹಾಗೆ ಪಕ್ಕಕ್ಕೆ ಎಳೆದಳು. ಸದ್ದಾಗದೆ ಇದ್ದದ್ದೇ ಅವಳ ಜಾಣತನ. ಅವಳ ಗಂಡ ಮುದ್ದಹನುಮ ಕೋಟೆಯ ಕಹಳೆಯವನು. ಹಾಗಾಗಿ ಒನಕೆ ಮೌನವಾಗಿರಲಿ, ಕೊನೆಯಲ್ಲಿ ಸೊಂಟದಿಂದ ಕಹಳೆ ಮೊಳಗಲಿ. ಒಂದು ವೇಷಕ್ಕೆ ಒಂದೇ ಸದ್ದು, ಅದೂ ಮೂರ್ನಾಲ್ಕು ಸೆಕೆಂಡು ಸಾಕು.

ಬೇಕಾಗುವ ಸಾಮಾನು

ಧ್ವನಿ ಮುದ್ರಿಸುವ ಪುಟ್ಟ ಬೋರ್ಡು 1 (ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐ.ಎಸ್.ಡಿ. 1820 ಅಂತ ಕೇಳಿ), ಅದಕ್ಕೆ ಹೊಂದುವ 8 ಓಮ್ ಸ್ಪೀಕರ್ 1, ಪೆನ್ಸಿಲ್ ಸೆಲ್ 3, ಸ್ಕ್ರೂ ಹಾಕಿ ಮುಚ್ಚುವ ಸೆಲ್ ಡಬ್ಬಿ 1, ಒತ್ತುವ ಗುಂಡಿ 1, ಸಣ್ಣ ತಂತಿ ಒಂದು ಮೀಟರ್, ಅರ್ಧ ಕರಟ ಅಥವಾ ಪುಟ್ಟ ಪ್ಲಾಸ್ಟಿಕ್ ಡಬ್ಬಿ.

ಮಾಡುವ ವಿಧಾನ

ಬೋರ್ಡಿನ ಮೇಲೆ ಮೂರು ಗುಂಡಿ ಇರುತ್ತವೆ. ಒಂದನ್ನು ಒತ್ತಿ ಹಿಡಿದರೆ ಎದುರಿಗಿನ ಶಬ್ದ ಮುದ್ರಣವಾಗುತ್ತದೆ, ಸುಮಾರು ಹತ್ತು ಸೆಕೆಂಡು. ಇನ್ನೊಂದನ್ನು ಒಮ್ಮೆ ಒತ್ತಿದರೆ ಅದು ಪೂರ್ತಿ ಕೇಳುತ್ತದೆ. ಮೂರನೆಯದು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ. ಸೆಲ್ ತೆಗೆದರೂ ಮುದ್ರಿಸಿದ್ದು ಅಳಿಯುವುದಿಲ್ಲ. ಮನೆಯ ಶಂಖ, ಗೆಜ್ಜೆ, ಅಜ್ಜನ ಗಹಗಹ ನಗು, ಏನನ್ನಾದರೂ ತುಂಬಿಸಿ. ಫ್ಯಾನು ಆರಿಸಿ, ಬಾಗಿಲು ಹಾಕಿ ಮುದ್ರಿಸಿದರೆ ಸ್ವಚ್ಛವಾಗಿ ಬರುತ್ತದೆ.

ಒಮ್ಮೆ ಒತ್ತಿದರೆ ಪೂರ್ತಿ ಹಾಡುವ ಗುಂಡಿ ಇದೆಯಲ್ಲ, ಅದರ ಎದುರು ಮೂಲೆಯ ಎರಡು ಕಾಲುಗಳಿಂದ ಎರಡು ತಂತಿ ಎಳೆದು ನಮ್ಮ ಹೊರಗಿನ ಗುಂಡಿಗೆ ಸೇರಿಸಬೇಕು. ಬೆಸುಗೆಯ ಕೆಲಸ ಬಾರದಿದ್ದರೆ ಮೊಬೈಲ್ ರಿಪೇರಿಯವರ ಹತ್ತಿರ ಕೊಡಿ, ಅವರಿಗದು ಚಿಟಿಕೆ ಕೆಲಸ.

ಸ್ಪೀಕರನ್ನು ಬರಿದೇ ಇಟ್ಟರೆ ಸದ್ದು ಕ್ಷೀಣ. ಅದರ ಮುಂದಿನ ಮತ್ತು ಹಿಂದಿನ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಕರಟದ ಬಾಯಿಗೆ ಅದನ್ನು ಮುಖ ಹೊರಗೆ ಮಾಡಿ, ಸಂದಿಲ್ಲದ ಹಾಗೆ ಅಂಟಿಸಿ ನೋಡಿ, ಎಷ್ಟು ವ್ಯತ್ಯಾಸ ಅಂತ! ಗದೆಯೊಳಗೆ ಇಡುವುದಾದರೆ ಸ್ಪೀಕರಿನ ಎದುರಿಗೆ ದಬ್ಬಳದಿಂದ ಹತ್ತಾರು ತೂತು ಮಾಡಿ. ಮೇಲೆ ದಪ್ಪ ಮಖಮಲ್ ಬೇಡ, ತೆಳು ಹತ್ತಿ ಬಟ್ಟೆ ಇರಲಿ.

ಗುಂಡಿ ಎಲ್ಲಿರಬೇಕು?

ಮಗು ಕಣ್ಣು ಹಾಯಿಸದೆ ಒತ್ತುವಂತಿರಬೇಕು. ಗದೆಯಾದರೆ ಹಿಡಿಯ ಮೇಲೆ ಹೆಬ್ಬೆರಳು ಬೀಳುವ ಕಡೆ. ಉಡುಪಾದರೆ ಸೊಂಟದ ಪಟ್ಟಿಯ ಪಕ್ಕ. ಬೆನ್ನಿಗೆ, ಬಾಲಕ್ಕೆ ಬೇಡ, ಕೂತರೆ ತಾನೇ ಕೂಗಿಕೊಳ್ಳುತ್ತದೆ. ತಂತಿಯನ್ನು ಹೊಲಿಗೆಯ ಒಳಗೆ ಸ್ವಲ್ಪ ಸಡಿಲವಾಗಿ ಬಿಟ್ಟು ಅಲ್ಲಲ್ಲಿ ಟಾಕಿ ಹಾಕಿ. ಕುತ್ತಿಗೆಯ ಸುತ್ತ ಮಾತ್ರ ತರಲೇಬೇಡಿ. ಪೆಟ್ಟಿಗೆಗೆ ಒಂದು ಜೇಬು ಹೊಲಿದರೆ ಒಗೆಯುವಾಗ ತೆಗೆಯಬಹುದು.

ಒಂದು ಮಾತು, ದಯವಿಟ್ಟು ಮರೆಯಬೇಡಿ

ಹಾಡುವ ಶುಭಾಶಯ ಪತ್ರದಿಂದಲೋ ಹಳೇ ಆಟಿಕೆಯಿಂದಲೋ ಸದ್ದಿನ ಭಾಗ ಕಿತ್ತು ವೇಷಕ್ಕೆ ಅಂಟಿಸುವವರಿದ್ದಾರೆ. ಅದರಲ್ಲಿರುವುದು ನಾಣ್ಯದಂಥ ಗುಂಡು ಸೆಲ್. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅದು ಬೇಡವೇ ಬೇಡ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಸುಡುವ ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಯಲ್ಲಿ ಒಳಗೆ ಹುಣ್ಣಾಗಬಹುದು. ಮುಗಿದುಹೋದ ಸೆಲ್ ಕೂಡ ಹೀಗೆ ಮಾಡಬಲ್ಲದು. ಮಗು ಅಳದೆಯೂ ಇರಬಹುದು. ಜೊಲ್ಲು, ಕೆಮ್ಮು, ಊಟ ಬೇಡ ಅನ್ನುವುದು, ಇಷ್ಟೇ ಕಾಣಿಸೀತು.

ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸುವುದು, ವಾಂತಿ ಮಾಡಿಸುವುದು ಬೇಡ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಮಗುವಿಗೆ ವರ್ಷ ತುಂಬಿದ್ದು, ನುಂಗಿ 12 ಗಂಟೆ ಆಗಿರದಿದ್ದು, ಗುಟುಕರಿಸಲು ಆಗುತ್ತಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲ ಮೀರದಂತೆ. ಸುಡುವುದು ಸ್ವಲ್ಪ ನಿಧಾನವಾಗುತ್ತದೆ. ಜೇನು ಹುಡುಕುತ್ತಾ ಮಾತ್ರ ಹೊತ್ತು ಕಳೆಯಬೇಡಿ. ಇದಕ್ಕೇ ನಾನು ಪೆನ್ಸಿಲ್ ಸೆಲ್ಲು, ಸ್ಕ್ರೂ ಇರುವ ಡಬ್ಬಿ ಅಂತ ಒತ್ತಿ ಹೇಳಿದ್ದು.

ಅಭ್ಯಾಸ

ಮಾತು ಮುಗಿಸು, ಗುಂಡಿ ಒತ್ತು, ಸದ್ದು ನಿಲ್ಲುವ ತನಕ ಸುಮ್ಮನಿರು: ಈ ಮೂರನ್ನೂ ವೇಷ ಹಾಕಿಸಿಯೇ ನಾಲ್ಕು ದಿನ ಮಾಡಿಸಿ. ಸಭೆ ಕಂಡು ಬೆದರುವ ಮಕ್ಕಳಿಗೆ ಕೈಗೊಂದು ಕೆಲಸ ಸಿಕ್ಕರೆ ನಾಲಗೆಯ ನಡುಕವೂ ಕಡಿಮೆಯಾಗುತ್ತದೆ. ಸೆಲ್ ತೆಗೆದಿಟ್ಟು ಒಂದೆರಡು ಸಲ ಮಾಡಿಸುವುದೂ ಒಳ್ಳೆಯದು. ಆ ದಿನ ಗುಂಡಿ ಕೈಕೊಟ್ಟರೂ ಕಂದ ತನ್ನ ಬಾಯಲ್ಲೇ ಕಹಳೆ ಊದಿ ಇಳಿದು ಬರಲಿ.

ಸ್ಪರ್ಧೆ ಮುಗಿದ ರಾತ್ರಿಯೇ ಸೆಲ್ ತೆಗೆದು ಬೇರೆ ಎತ್ತಿಡಿ. ಒಳಗೇ ಬಿಟ್ಟರೆ ಸೋರಿ ಡಬ್ಬಿ ಕಿಲುಬು ಹಿಡಿಯುತ್ತದೆ. ಹಾಗೆ ಜೋಪಾನ ಮಾಡಿದರೆ ಈ ವರ್ಷದ ಕಹಳೆಯೇ ಬರುವ ವರ್ಷ ತಂಗಿಯ ಕೃಷ್ಣವೇಷಕ್ಕೆ ಕೊಳಲಾದೀತು.