'ಉಳ್ತಾ ಬಂದಿದ್ದೀವಿ' ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಹಾಸ್ಟೆಲಿನ ಗೆಳೆಯರೇ,

ಇಂಗ್ಲಿಷ್ ಪೇಪರ್ ಅಂದರೆ ನಮ್ಮ ಹುಡುಗರ ಎದೆ ಡವಡವ ಅನ್ನುತ್ತದೆ. ಅದರಲ್ಲೂ ಹನ್ನೆರಡು ಟೆನ್ಸುಗಳ ಪಟ್ಟಿಯಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್ ಅನ್ನುವ ಉದ್ದನೆಯ ಹೆಸರು ಕಂಡರೆ ಪುಟ ಮಗುಚಿಬಿಡುತ್ತೇವೆ. 'ಎರಡು ಮಾರ್ಕಿಂದಲ್ವಾ, ಹೋಗ್ಲಿ ಬಿಡೋ.' ಈ ಹೋಗ್ಲಿ ಬಿಡೋ ಅನ್ನುವ ಮಾತಿಗೆ ನಮ್ಮ ವಿರೋಧವಿದೆ. ಹನ್ನೆರಡರಲ್ಲಿ ನಮ್ಮ ಕೇರಿಗೆ ಹತ್ತಿರದ ಟೆನ್ಸ್ ಯಾವುದಾದರೂ ಇದ್ದರೆ ಅದು ಇದೇ.

ಗೈಡುಗಳಲ್ಲಿ ಕೊಡುವ ಉದಾಹರಣೆ ಎಂಥವು? ರಾಮ ಬೆಳಗಿನಿಂದ ಪಿಟೀಲು ಬಾರಿಸುತ್ತಿದ್ದಾನೆ, ಸೀತೆ ಎರಡು ಗಂಟೆಯಿಂದ ತೋಟದ ಹೂವಿಗೆ ನೀರು ಹಾಕುತ್ತಿದ್ದಾಳೆ. ಯಾವ ರಾಮ, ಯಾರ ತೋಟ? ಕೇರಿಯಲ್ಲಿ ಬೆಳಗಿನಿಂದ ಪಿಟೀಲು ಬಾರಿಸಿದವರನ್ನು ನಾವು ಕಂಡಿಲ್ಲ. ಹಬ್ಬ ಮುಗಿಯುವ ತನಕ ಕೂಲಿಯಿಲ್ಲದೆ ತಮಟೆ ಬಡಿದವರನ್ನು ಕಂಡಿದ್ದೇವೆ. ಉದಾಹರಣೆ ನಮ್ಮದಲ್ಲದಿದ್ದರೆ ವ್ಯಾಕರಣವೂ ನಮ್ಮದಲ್ಲ ಅನ್ನಿಸುತ್ತೆ. ಅದು ಹುಡುಗನ ತಲೆಯ ದೋಷವಲ್ಲ.

ವಿಷಯ ಇಷ್ಟೇ. ಒಂದು ಕೆಲಸ ಹಿಂದೆ ಶುರುವಾಗಿ, ನಡೆದುಕೊಂಡು ಬಂದು, ಈ ಹೊತ್ತಿಗೂ ನಡೀತಾ ಇದೆ ಅಂತ ಹೇಳುವುದಕ್ಕೆ ಇಂಗ್ಲಿಷಿನವರು ಹ್ಯಾವ್ ಬೀನ್ ಅಥವಾ ಹ್ಯಾಸ್ ಬೀನ್ ಹಾಕಿ, ಕ್ರಿಯಾಪದದ ಬಾಲಕ್ಕೆ ಇಂಗ್ ಅಂಟಿಸುತ್ತಾರೆ. ನಮ್ಮ ಅಪ್ಪ ಅವ್ವ ಯಾವ ಸ್ಕೂಲಿನ ಮೆಟ್ಟಿಲೂ ಹತ್ತದೆ ಇದನ್ನೇ ಆಡುತ್ತಾರೆ: 'ತಾತನ ಕಾಲದಿಂದ ಉಳ್ತಾ ಬಂದಿದ್ದೀವಿ ಸ್ವಾಮಿ.' ಆ 'ಉಳ್ತಾ' ಇದೆಯಲ್ಲ, ಅದು ಇಂಗ್. 'ಬಂದಿದ್ದೀವಿ' ಅನ್ನೋದು ಹ್ಯಾವ್ ಬೀನ್. ಇಲ್ಲಿ ಹೊಸದಾಗಿ ಕಲಿಯುವುದು ಬಹಳ ಇಲ್ಲ, ಅವ್ವನ ಮಾತನ್ನು ಸರಿಯಾಗಿ ಕೇಳಿಸಿಕೊಂಡರೆ ಸಾಕು.

ಆದರೆ ಕನ್ನಡದಲ್ಲಿ 'ನಲವತ್ತು ವರ್ಷದಿಂದ ಉಳ್ತಾ ಇದ್ದೀವಿ' ಅಂದರೂ ನಡೆಯುತ್ತೆ. ಭಾರವನ್ನೆಲ್ಲ 'ಇಂದ' ಹೊತ್ತುಕೊಳ್ಳುತ್ತೆ. ಅದನ್ನೇ ಹಿಡಿದು ನಾವು 'ವಿ ಆರ್ ಕಲ್ಟಿವೇಟಿಂಗ್ ಸಿನ್ಸ್ ಫಾರ್ಟಿ ಇಯರ್ಸ್' ಅಂತ ಬರೆದುಬಿಡುತ್ತೇವೆ. ನಮ್ಮ 'ಇಂದ' ಒಂದೇ, ಇಂಗ್ಲಿಷಿನಲ್ಲಿ ಎರಡು. ಶುರುವಾದ ಗಳಿಗೆ ಹೇಳಿದರೆ ಸಿನ್ಸ್: ಸಿನ್ಸ್ 1978. ಕಾಲದ ಉದ್ದ ಹೇಳಿದರೆ ಫಾರ್: ಫಾರ್ ಫಾರ್ಟಿ ಇಯರ್ಸ್. ಇನ್ನೊಂದು ಮಾತು: ಗೊತ್ತಿರುವುದು, ಸ್ವಂತಕ್ಕೆ ಇರುವುದು ಇಂಥವಕ್ಕೆ ಇಂಗ್ ಹತ್ತುವುದಿಲ್ಲ. 'ಹ್ಯಾವ್ ಬೀನ್ ನೋಯಿಂಗ್' ತಪ್ಪು, 'ಹ್ಯಾವ್ ನೋನ್' ಸರಿ.

ಈ ಮೂರು ವಾಕ್ಯ ನೋಡಿ. 'ವಿ ಕಲ್ಟಿವೇಟೆಡ್ ದಿಸ್ ಲ್ಯಾಂಡ್.' ಉತ್ತಿದ್ದೆವು; ಅಂದರೆ ಈಗ ಬಿಟ್ಟಿದ್ದಾರೆ ಅಂತ ಓದಿಕೊಳ್ಳಬಹುದು. 'ವಿ ಆರ್ ಕಲ್ಟಿವೇಟಿಂಗ್ ದಿಸ್ ಲ್ಯಾಂಡ್.' ಉಳ್ತಾ ಇದ್ದೇವೆ. ನಿನ್ನೆ ಮೊನ್ನೆ ಬೇಲಿ ಹಾಕಿದವರು ಅನ್ನಬಹುದು. 'ವಿ ಹ್ಯಾವ್ ಬೀನ್ ಕಲ್ಟಿವೇಟಿಂಗ್ ದಿಸ್ ಲ್ಯಾಂಡ್ ಸಿನ್ಸ್ 1978.' ಇದರಲ್ಲಿ ಅಂದಿನ ನೇಗಿಲೂ ಇದೆ, ಇಂದಿನ ಪೈರೂ ಇದೆ. ಬಗರ್ ಹುಕುಂ ಸಾಗುವಳಿಗೆ ನಮೂನೆ 50 ಬಂತು, 53 ಬಂತು, 2018ರಲ್ಲಿ 57 ಬಂತು. ನಮ್ಮವರನ್ನು ಕೇಳುವುದೆಲ್ಲ ಸುತ್ತಿ ಬಳಸಿ ಅದೇ ಪ್ರಶ್ನೆ: ಯಾವಾಗಿನಿಂದ, ಈಗಲೂ ಇದ್ದೀರಾ?

ತಾಲ್ಲೂಕು ಕಚೇರಿಯಲ್ಲಿ ಕನ್ನಡದ ಅರ್ಜಿ ಸಾಕಲ್ಲ, ಇಂಗ್ಲಿಷಿನ ಗೊಡವೆ ಯಾಕೆ ಅನ್ನುವ ಗೆಳೆಯರಿದ್ದಾರೆ. ಸಾಕು, ಅಲ್ಲಿ ತನಕ. ಕೇಸು ಹೈಕೋರ್ಟಿಗೆ ಹೋದ ದಿನ ನಿಮ್ಮಪ್ಪನ ಮಾತು ಇಂಗ್ಲಿಷಾಗುತ್ತದೆ. ಹೈಕೋರ್ಟು, ಸುಪ್ರೀಂ ಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ ಅಂತ ಸಂವಿಧಾನದ 348ನೇ ವಿಧಿ ಹೇಳುತ್ತೆ. ಅಲ್ಲಿ ವಕೀಲರ ಗುಮಾಸ್ತ 'ಉಳ್ತಾ ಬಂದಿದ್ದೀವಿ'ಯನ್ನು 'ಕಲ್ಟಿವೇಟೆಡ್' ಅಂತ ಟೈಪು ಮಾಡಿದರೆ, ಹೆಬ್ಬೆಟ್ಟು ಒತ್ತುವ ಮೊದಲು 'ತಡೀರಿ ಸಾರ್' ಅನ್ನಬೇಕಾದವನು ಹಾಸ್ಟೆಲಿನಲ್ಲಿ ಓದುವ ಮಗ. ಮಗಳೂ ಹೌದು. ಬಾಬಾಸಾಹೇಬರು ಇಂಗ್ಲಿಷ್ ಕಲಿತದ್ದು ದೊರೆಗಳನ್ನು ಮೆಚ್ಚಿಸೋಕಲ್ಲ.

ಈ ಟೆನ್ಸಿನಲ್ಲಿ ನಮಗೆ ಬಹಳ ಹಿಡಿಸಿದ ಗುಣ ಒಂದಿದೆ, ಯಾವ ಗೈಡೂ ಅದನ್ನು ಹೀಗೆ ಹೇಳುವುದಿಲ್ಲ. ಇದಕ್ಕೆ ಪ್ಯಾಸಿವ್ ವಾಯ್ಸ್ ಒಗ್ಗುವುದಿಲ್ಲ. 'ಹ್ಯಾಸ್ ಬೀನ್ ಬೀಯಿಂಗ್' ಅಂತ ಬರೆದರೆ ಇಂಗ್ಲಿಷಿನವರೇ ಮುಖ ಸಿಂಡರಿಸುತ್ತಾರೆ. ಪತ್ರಿಕೆಗಳಿಗೆ, ವರದಿಗಳಿಗೆ ಪ್ಯಾಸಿವ್ ಅಂದರೆ ಬಲು ಪ್ರೀತಿ: 'ದಲಿತರಿಗೆ ನೀರು ನಿರಾಕರಿಸಲಾಗಿದೆ.' ನಿರಾಕರಿಸಿದವನು ಯಾರಪ್ಪಾ? ವಾಕ್ಯದಲ್ಲಿ ಅವನು ಇಲ್ಲವೇ ಇಲ್ಲ, ಮನೇಲಿ ಆರಾಮಾಗಿ ಕೂತಿದ್ದಾನೆ. 'ವಿ ಹ್ಯಾವ್ ಬೀನ್ ಡಿನೈಡ್ ವಾಟರ್' ಅಂದರೆ ಒಂದು ಸಲ ಆಗಿರಬಹುದು, ಗಲಾಟೆ ಮುಗಿದಿದೆ ಅಂತ ಫೈಲು ಮುಚ್ಚಬಹುದು. 'ದೇ ಹ್ಯಾವ್ ಬೀನ್ ಡಿನೈಯಿಂಗ್ ಅಸ್ ವಾಟರ್' ಅನ್ನಬೇಕಾದರೆ ಮಾಡುವವನನ್ನು ಕರೆತಂದು ವಾಕ್ಯದ ಬಾಗಿಲಲ್ಲೇ ನಿಲ್ಲಿಸಬೇಕಾಗುತ್ತೆ. ಮಾಡಿದ್ದಾನೆ ಅಂತಲ್ಲ, ಮಾಡ್ತಾ ಬಂದಿದ್ದಾನೆ.

ಸರ್ಕಾರಕ್ಕೆ ಮುಗಿದ ಕ್ರಿಯೆಗಳೇ ಇಷ್ಟ. ಅಸ್ಪೃಶ್ಯತೆ ತೊಡೆದಾಯಿತು, 1950. ಜೀತ ರದ್ದಾಯಿತು, 1976. ಮಲ ಹೊರಿಸುವುದು ನಿಷೇಧವಾಯಿತು, 1993. ಮತ್ತೆ 2013ರಲ್ಲಿ ಇನ್ನೊಂದು ಕಾಯ್ದೆ. ಮುಗಿದದ್ದಕ್ಕೆ ಎರಡನೇ ಸಲ ಕಾಯ್ದೆ ಯಾಕೆ ಬೇಕಾಯಿತು? ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ನಿಂತರು. 2014ರಲ್ಲಿ ಸುಪ್ರೀಂ ಕೋರ್ಟು 1993ರಿಂದೀಚೆಗೆ ಚರಂಡಿಗಿಳಿದು ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡಿ ಅಂತು. 2023ರಲ್ಲಿ ಅದನ್ನೇ 30 ಲಕ್ಷ ಮಾಡಿತು. ನೋಡಿ, ಕೋರ್ಟಿನ ಲೆಕ್ಕವೂ 'ಸಿನ್ಸ್ 1993' ಅಂತಲೇ ಶುರುವಾಗುತ್ತೆ. ಸರ್ಕಾರದ ವಾಕ್ಯ ಮುಗಿದಿತ್ತು, ಸಾವು ಮುಗಿದಿರಲಿಲ್ಲ.

ಆದ್ದರಿಂದ ನಮ್ಮ ಸಲಹೆ. ಈ ಟೆನ್ಸನ್ನು ಬಾಯಿಪಾಠ ಮಾಡಬೇಡಿ. ಮುಂದಿನ ಸಲ ಊರಿಗೆ ಹೋದಾಗ ಟ್ರಂಕಿನ ತಳದಲ್ಲಿರುವ ಹಳೇ ಅರ್ಜಿಗಳನ್ನು ತನ್ನಿ. ಜಮೀನಿಂದು, ಸ್ಮಶಾನದ ಜಾಗದ್ದು, ಬೋರ್‌ವೆಲ್‌ದು, ಏನಿದ್ದರೂ ಸರಿ. ಭಾನುವಾರ ಊಟ ಆದ ಮೇಲೆ ನಾಲ್ಕೈದು ಜನ ಕೂತು, ಒಂದೊಂದು ಸಾಲನ್ನೂ ಇಂಗ್ಲಿಷಿಗೆ ತನ್ನಿ. ಮೊದಲು ಇಸವಿಗೆ ಗೆರೆ ಹಾಕಿ, ಸಿನ್ಸೋ ಫಾರೋ ತೀರ್ಮಾನ ಮಾಡಿ. ಆಮೇಲೆ 'ಲಾಗಿದೆ' ಅಂತ ಮುಗಿಯುವ ವಾಕ್ಯಗಳನ್ನೆಲ್ಲ ಹುಡುಕಿ, ಅಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ಮನೆಯವರನ್ನು ಕೇಳಿ ಬರೆದುಕೊಳ್ಳಿ.